ಜಾಲ್ಸೂರಿನ ಆಚೆಗೆ ಒಂದು ಟಿಕೇಟು

ಪೆಟ್ಟಿಗೆ ಖಾಲಿ ಮಾಡುವಾಗ ನನ್ನ ಹಳೆಯ ರವಿಕೆಯೊಂದು ಸಿಕ್ಕಿತು. ಬದಿಯ ಹೊಲಿಗೆಯೊಳಗೆ ಎರಡು ಬೆರಳಗಲ ಬಟ್ಟೆ ಹೆಚ್ಚಿಗೆ ಬಿಟ್ಟಿತ್ತು. ಹಾಗೆ ಬಿಡುತ್ತಿದ್ದವರು ಒಬ್ಬರೇ... ಸುಳ್ಯದಲ್ಲಿ ನಮ್ಮ ಪಕ್ಕದ ಬಾಡಿಗೆ ಮನೆಯ ಹೊಲಿಗೆಯಕ್ಕ. “ನಾಳೆ ದಪ್ಪ ಆಗುವಾಗ ನನ್ನನ್ನು ಕೇಳಿ ಆಗ್ತೀಯಾ? ಇರಲಿ ಒಳಗೆ,” ಎನ್ನುತ್ತಿದ್ದರು.

ಎಪ್ಪತ್ತರ ದಶಕದ ಕೊನೆ. ಗಂಡನಿಂದ ದೂರವಾಗಿದ್ದ ಅವರಿಗೆ ಏಳು ವರ್ಷದ ಒಬ್ಬಳೇ ಮಗಳು. ಮಗು ಯಾರ ಬಳಿ ಇರಬೇಕೆಂಬ ವ್ಯಾಜ್ಯ ಪುತ್ತೂರಿನ ಕೋರ್ಟಿನಲ್ಲಿತ್ತು. ತೀರ್ಪಿನವರೆಗೆ ತಾಯಿಯ ಬಳಿ ಇರಲಿ, ಭಾನುವಾರ ಸಂಜೆ ತಂದೆ ಬಂದು ನೋಡಲಿ, ಅಪ್ಪಣೆಯಿಲ್ಲದೆ ರಾಜ್ಯದ ಹೊರಗೆ ಕರೆದೊಯ್ಯಬಾರದು ಎಂಬ ಆದೇಶ ಇಂಗ್ಲಿಷಿನಲ್ಲಿ ಬಂತು. ಬಿ.ಎ. ಮುಗಿಸಿದ್ದ ನಾನೇ ಓದಿ ಹೇಳಿದೆ.

“ನಮ್ಮ ಕುಟುಂಬದ ಮನೆ ಜಾಲ್ಸೂರಿನ ಆಚೆ ಅಲ್ವಾ? ಬರುವ ಭಾನುವಾರ ಭೂತಕ್ಕೆ ತಂಬಿಲ ಉಂಟು. ಇವಳಿಲ್ಲದೆ ಆಗುದಿಲ್ಲ,” ಎಂದರು ಅಕ್ಕ. ಅವರಲ್ಲಿ ಮಕ್ಕಳು ತಾಯಿಯ ಕುಟುಂಬಕ್ಕೆ ಸೇರಿದವರು. ವರ್ಷದ ಆ ಸೇವೆಗೆ ಮಗು ಹೋಗಲೇಬೇಕು.

ನಾನು ನಕ್ಕೆ. “ಅದೆಂತ ಹೊರಗಾ ಅಕ್ಕ? ಹೊರಗೆ ಅಂದ್ರೆ ಬೊಂಬಾಯಿಯಂಥದ್ದು. ಸಂಜೆ ಅವರು ಬರುವುದರೊಳಗೆ ಬಂದ್ರಾಯ್ತು.” ಮದುವೆಗೆ, ಬಾಣಂತಿ ನೋಡಲು ನಾವು ದಿನಾ ದಾಟುತ್ತಿದ್ದ ಗಡಿ ಅದು. ಆಚೆಯದನ್ನು ಕೇರಳ ಎಂದು ಯಾರು ನೆನೆಯುತ್ತಿದ್ದರು... ಪ್ರಸಾದದ ಊಟಕ್ಕೆ ನಾನೂ ಹೋದೆ.

ಹಿಂದಿರುಗುವಾಗ ಜಾಲ್ಸೂರಿನಲ್ಲಿ ಬಸ್ಸು ಬದಲಿಸಲು ಇಳಿದೆವು. ರಸ್ತೆಯ ಆ ಬದಿಯಲ್ಲಿ ಮಗುವಿನ ತಂದೆ ನಿಂತಿದ್ದರು; ಬೇಗನೆ ಬಂದು, ಮನೆಗೆ ಬೀಗ ಕಂಡು, ವಿಚಾರಿಸಿಕೊಂಡು ಅಲ್ಲಿಗೇ ಬಂದಿದ್ದರು. “ಅಪ್ಪಾ!” ಎಂದು ಮಗು ನನ್ನ ಕೈಯಿಂದ ಕೊಸರಿಕೊಂಡು ಓಡಿದಳು. ಲಾರಿ... ಬ್ರೇಕಿನ ಸದ್ದು, ಸುಟ್ಟ ರಬ್ಬರಿನ ವಾಸನೆ. ಚಕ್ರದಡಿ ಸಿಕ್ಕಿದ್ದು ಒಂದು ಚಪ್ಪಲಿ ಮಾತ್ರ. ಆ ಬೆವತ ಪುಟ್ಟ ಕೈ ಇಂದಿಗೂ ನನ್ನ ಬೆರಳುಗಳಿಂದ ಜಾರುತ್ತಲೇ ಇದೆ.

ತಂದೆ ಮಗುವನ್ನು ಎತ್ತಿಕೊಂಡರು. ನನ್ನತ್ತ ತಿರುಗಿ, “ನೀವು ಓದಿದವರು. ನಿಮಗಾದ್ರೂ ಗೊತ್ತಾಗುದಿಲ್ವಾ?” ಎಂದರು. ಮಗುವಿನ ಮುಷ್ಟಿಯಲ್ಲಿ ಮಲಯಾಳಂ ಅಕ್ಷರದ ಬಸ್ ಟಿಕೇಟು ಇತ್ತು. ಅದು ಕೋರ್ಟಿಗೆ ಹೋಯಿತು.

ಗಡಿ ದಾಟಬಹುದೆಂದು ಹೇಳಿದವರು ಯಾರು ಎಂದು ನ್ಯಾಯಾಧೀಶರು ಕೇಳಿದಾಗ ಅಕ್ಕ, “ನನಗೆ ಇಂಗ್ಲಿಷ್ ಬರುದಿಲ್ಲ ಸ್ವಾಮಿ,” ಎಂದರಷ್ಟೆ. ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ನನ್ನ ಮದುವೆಯ ಮಾತುಕತೆ ನಡೆಯುತ್ತಿತ್ತು. ಕಟಕಟೆ ಹತ್ತಬೇಡ ಎಂದು ಮನೆಯಲ್ಲಿ ಹೇಳಿದ್ದರು. ಏಳಲಿಲ್ಲ...

ಆದೇಶ ಮೀರಿದ್ದಾರೆ, ಮಗುವಿಗೆ ಅಪಾಯ ತಂದಿದ್ದಾರೆ ಎಂದಾಯಿತು. ಅಷ್ಟರಲ್ಲಿ ಶಿವಮೊಗ್ಗಕ್ಕೆ ವರ್ಗವಾಗಿದ್ದ ತಂದೆಗೆ ಮಗುವನ್ನು ಕರೆದೊಯ್ಯಲು ಅನುಮತಿ ಸಿಕ್ಕಿತು. ತಾಯಿಗೆ ಬೇಸಗೆ ರಜೆಯ ಹದಿನೈದು ದಿನ.

ಮಳೆಗಾಲ ಶುರುವಾಗಿ ಕೆಲವು ದಿನಗಳಾಗಿದ್ದವು. ಅಕ್ಕ ಅಳತೆಯ ಟೇಪು ಹಿಡಿದು ಬಂದರು. ರಜೆಗೆ ಬರುವ ಮಗಳಿಗೆ ಈಗಲೇ ಫ್ರಾಕು ಹೊಲಿಯಬೇಕಂತೆ. “ಹತ್ತು ತಿಂಗಳಲ್ಲಿ ಮಕ್ಕಳು ಎಷ್ಟು ಉದ್ದ ಆಗ್ತಾರೆ? ನೀನು ಓದಿದವಳಲ್ವಾ, ಹೇಳು ಮಾರಾಯ್ತಿ.”

“ಗೊತ್ತಿಲ್ಲಕ್ಕ,” ಎಂದೆ.

ಅಕ್ಕ ತೀರಿಕೊಂಡ ಸುದ್ದಿ ನನಗೆ ತಲುಪುವಾಗ ಅವರು ಹೋಗಿ ವರ್ಷವೇ ಕಳೆದಿತ್ತು. ರವಿಕೆ ಈಗ ಬಿಗಿ. ಹೊಲಿಗೆ ಬಿಚ್ಚಿ ನೋಡಿದೆ. ಒಳಗಿನ ಬಟ್ಟೆಯ ಬಣ್ಣ ಮಾಸಿರಲಿಲ್ಲ. ಗೊತ್ತಿಲ್ಲ ಎಂಬ ಆ ಮಾತನ್ನು ನಾನು ಆದೇಶ ಓದಿದ ದಿನವೇ ಹೇಳಬೇಕಿತ್ತು.