ಸುದ್ದಿ ಓದುವವಳ ಕತ್ತು

ಟಿವಿಯಲ್ಲಿ ಸುದ್ದಿ ಬಂದರೆ ನಾನು ನೋಡುವುದು ಓದುವವರ ಬಟ್ಟೆಯನ್ನು. ಕೆಳಗಡೆ ಓಡುವ ಅಕ್ಷರಗಳನ್ನು ಕೂಡಿಸಿಕೊಂಡು ಓದುವಷ್ಟರಲ್ಲಿ ಅವು ಆಚೆ ಹೋಗಿರುತ್ತವೆ. ಬಟ್ಟೆ ಎಲ್ಲಿಗೂ ಓಡುವುದಿಲ್ಲ. ಯಾವಳ ಜಾಕೀಟಿನ ತೋಳು ಬಿಗಿ, ಯಾವನ ಟೈ ಸೊಟ್ಟ, ಎಲ್ಲ ಹೇಳಬಲ್ಲೆ. ಆದರೆ ಮೇಜಿನ ಕೆಳಗೆ ಏನು ಉಟ್ಟಿದ್ದಾರೆಂದು ತಿಳಿಯದೆ ಕೂತಲ್ಲಿ ಕೂರಲಾಗುವುದಿಲ್ಲ. ಎದ್ದು ಹೋಗಿ ಟಿವಿಯ ಅಂಚಿನಿಂದ ಬಗ್ಗಿ ನೋಡಿದ್ದೂ ಉಂಟು. ಮನೆಯವರು ನಕ್ಕರು, ನಗಲಿ.

ನನ್ನ ಸೊಸೆ ಸುಧಾ ಮಂಡ್ಯದ ಒಂದು ಕೇಬಲ್ ಚಾನಲ್ಲಿನಲ್ಲಿ ಸಂಜೆಯ ಸುದ್ದಿ ಓದುತ್ತಾಳೆ. ಎರಡು ವರ್ಷ ಅಲೆದು ಪಡೆದ ಕೆಲಸ. ನಮ್ಮೂರು ಕೆರಗೋಡಿನಿಂದ ಮಧ್ಯಾಹ್ನದ ಬಸ್ಸಿಗೆ ಹೋಗಿ ಊಟದ ಹೊತ್ತಿಗೆ ಬರುತ್ತಾಳೆ. ಹೋದ ತಿಂಗಳು ಒಂದು ಸಂಜೆ ಟಿವಿಯಲ್ಲಿ ಅವಳ ಕತ್ತಿನಲ್ಲಿ ತಾಳಿ ಕಾಣಲಿಲ್ಲ. ಬಂದ ಮೇಲೆ ಕೇಳೋಣ ಎಂದು ಮುದ್ದೆಗೆ ಎಸರಿಡಲು ಹೋದೆ. ಬಂದಾಗ ತಾಳಿ ಕತ್ತಿನಲ್ಲೇ ಇತ್ತು, ನಾನೂ ಮರೆತೆ.

ಚಿಕ್ಕರಸಿನಕೆರೆಯಲ್ಲಿರುವ ನನ್ನ ನಾದಿನಿ ಜಯಮ್ಮನೂ ಅದನ್ನೇ ನೋಡಿದ್ದಳು. ಅವಳು ಮರೆಯಲಿಲ್ಲ. ಮರುದಿನ ಮೊದಲ ಬಸ್ಸಿಗೇ ಬಂದಳು. ಬೀದಿಯ ತಿರುವಿನಲ್ಲೇ ಅಳು ಶುರು: "ಮಾದೇಸ, ನಮ್ಮನ್ನೆಲ್ಲ ಬುಟ್ಟು ಓಗ್ಬುಟ್ಟೇನಪ್ಪ."

ನನ್ನ ಮಗ ಮಾದೇಶ ನಲ್ಲಿಯ ಹತ್ತಿರ ಬಾಯಿ ತುಂಬ ಪೇಸ್ಟಿನ ನೊರೆ ಇಟ್ಟುಕೊಂಡು ನಿಂತಿದ್ದ. "ಎಲ್ಲಿಗೋಗ್ಲಿ ಅತ್ತೆ, ಅಲ್ಲುಜ್ತಾ ಇವ್ನಿ" ಎಂದ.

ಜಯಮ್ಮನ ಅಳು ನಿಂತು ಸಿಟ್ಟು ಶುರುವಾಯಿತು. "ಒಂದ್ ಫೋನ್ ಮಾಡಿ ಕೇಳ್ಬಾರ್ದಾಗಿತ್ತಾ?" ಎಂದೆ.

"ಫೋನಲ್ಲಿ ಕೇಳೋ ಮಾತೇನತ್ಗೆ ಇದು? ಗಂಡ ಗುಂಡ್ಕಲ್ಲಂಗವ್ನೆ, ಇವ್ಳು ಬರೀ ಕತ್ತಲ್ಲಿ ಕುಂತವ್ಳೆ. ಈ ಕೆಲ್ಸ ಬುಡ್ಸು. ಬುಡ್ಸೋಗಂಟ ನಾನಿಲ್ಲಿಂದ ಏಳಾಕಿಲ್ಲ."

ಒಳಗೆ ರೊಟ್ಟಿ ತಟ್ಟುತ್ತಿದ್ದ ಸುಧಾಳ ಕೈ ನಿಂತಿತು.

ನಾನು ಕಣ್ಣಾರೆ ಕಾಣದೆ ತೀರ್ಪು ಹೇಳುವವಳಲ್ಲ. ಮಧ್ಯಾಹ್ನ ಸೊಸೆಯ ಜೊತೆ ಬಸ್ಸು ಹತ್ತಿದೆ. ಅಲ್ಲಿ ನೋಡಿದರೆ ಮೇಜಿನ ಹಿಂದೆ ಬೇರೆಯೇ ಲೋಕ. ಕೋಟು ಚಾನಲ್ಲಿನದು, ಮೂವರಿಗೆ ಒಂದೇ, ಯಾವನೋ ದಪ್ಪನೆಯ ಆಳಿಗೆ ಹೊಲಿದದ್ದು. ಸುಧಾಳ ಬೆನ್ನ ಹಿಂದೆ ಅದನ್ನು ಮಡಿಸಿ, ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿದ್ದರು. ಕೆಳಗೆ ಮಾಸಿದ ಚೂಡಿದಾರದ ಪ್ಯಾಂಟು, ಹವಾಯಿ ಚಪ್ಪಲಿ. ವರಮಹಾಲಕ್ಷ್ಮಿ ಹಬ್ಬದಲ್ಲಿ ನಾವು ಬಿಂದಿಗೆಗೆ ಸೀರೆ ಉಡಿಸುವುದೂ ಹೀಗೇ. ಮುಂದೆ ನೆರಿಗೆ, ಹಿಂದೆ ಕೋಲು, ದಾರ, ಪಿನ್ನು. ಅಮ್ಮನವರ ಬೆನ್ನು ಹೇಗಿದೆ ಎಂದು ಯಾರೂ ಗೋಡೆಯ ಕಡೆಯಿಂದ ಇಣುಕುವುದಿಲ್ಲ.

ತಾಳಿ ಅವಳ ತೊಡೆಯ ಮೇಲೆ ಕರ್ಚೀಫಿನಲ್ಲಿತ್ತು. ಎದೆಗೆ ಸಿಕ್ಕಿಸುವ ಹೊಸ ಮೈಕು ಬಂದಿದೆಯಂತೆ, ಸರ ತಗುಲಿದರೆ ಕರಕರ ಅನ್ನುತ್ತದಂತೆ. ಓದುವಷ್ಟು ಹೊತ್ತೂ ಅವಳ ಎಡಗೈ ಆ ಕರ್ಚೀಫನ್ನು ಬಿಡಲಿಲ್ಲ. ನಾನು ನಿಂತಲ್ಲಿ ನಿಲ್ಲದೆ ಒದ್ದಾಡಿದ್ದಕ್ಕೆ ಕ್ಯಾಮೆರಾದವನು ಎರಡು ಸಲ ಕಣ್ಣು ಬಿಟ್ಟ.

ಬಸ್ಸಿನಲ್ಲಿ ಸುಧಾ, "ನೀವು ಬುಡು ಅಂದ್ರೆ ಬುಟ್ಬುಡ್ತೀನಿ ಅತ್ತೆ" ಎಂದಳು. "ಮೊದ್ಲು ಮನೆಗೋಗಾನ" ಎಂದೆ.

ಜಯಮ್ಮ ಜಗುಲಿಯಲ್ಲೇ ಕೂತಿದ್ದಳು. ಕಂಡದ್ದೆಲ್ಲ ಹೇಳಿದೆ.

"ಏನಾದ್ರೂ ನೋಡೋರ ಕಣ್ಗೆ ಬರೀ ಕತ್ತೇ ಅಲ್ವಾ?" ಎಂದಳು.

"ನಿಮ್ಮಣ್ಣ ತೀರ್ಕೊಂಡ್ ಮೇಲೆ ನನ್ ಕತ್ತೂ ಬರೀದೇ ಕಣೆ ಜಯಾ. ಒಂಬತ್ತು ವರ್ಸ ಆಯ್ತು. ತಿಥಿ ಮುಗಿದ್ಮೇಲೆ ಇದನ್ನ ನೋಡಾಕೆ ಎಷ್ಟು ಸಲ ಮೊದಲ್ನೇ ಬಸ್ಸಿಗೆ ಬಂದಿದ್ದೀಯೆ?"

ಜಯಮ್ಮ ಸೆರಗಿನ ತುದಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಈ ಸಲ ಎಲ್ಡ್ ದಿನ ಇರ್ತೀನಿ ಬುಡು" ಎಂದಳು.

"ಇರು. ಅವ್ಳು ಮಾತ್ರ ನಾಳೆ ಕೆಲ್ಸಕ್ಕೋಯ್ತಾಳೆ."

ಮರುಸಂಜೆ ಸುಧಾ ಬರೀ ಕತ್ತಿನಲ್ಲೇ ಸುದ್ದಿ ಓದಿದಳು. ಮಾದೇಶ ನಮ್ಮಿಬ್ಬರ ನಡುವೆ ಕೂತು ಕಡ್ಲೆಕಾಯಿ ಸುಲಿದು ಸುಲಿದು ತಿಂದ. ಸಿಪ್ಪೆ ಒಡೆಯುವ ಸದ್ದಿನಲ್ಲಿ ಸುದ್ದಿಯ ಒಂದು ಮಾತೂ ಕೇಳಿಸಲಿಲ್ಲ. ಸುಧಾಳ ಗಂಡ ಗಟ್ಟಿಯಾಗಿದ್ದಾನೆ ಎನ್ನುವುದಕ್ಕೆ ಜಯಮ್ಮನಿಗೆ ಆ ಸದ್ದೇ ಸಾಕಾಯಿತು.