ತಟ್ಟೆಯಲ್ಲಿದ್ದ ಮೋದಕ

ಮೆಲ್ಬರ್ನ್‌ನ ನಮ್ಮ ಕನ್ನಡ ಸಂಘದ ಹೆಂಗಸರ ಗುಂಪಿನಲ್ಲಿ ಅಹಲ್ಯಾ ಇದ್ದಾಳೋ ಇಲ್ಲವೋ ಎಂದು ತಿಳಿಯಬೇಕಾದರೆ ತಲೆ ಎಣಿಸಬೇಕಾಗಿತ್ತು. ಮೈಸೂರಿನ ಒಂಟಿಕೊಪ್ಪಲಿನವಳು, ಎಂಬತ್ತೇಳನೇ ಇಸವಿಯಲ್ಲಿ ಗಂಡ ಗಿರೀಶನ ಜೊತೆ ಇಲ್ಲಿಗೆ ಬಂದವಳು. ಬಾಕ್ಸ್ ಹಿಲ್‌ನ ಲ್ಯಾಬೊಂದರಲ್ಲಿ ರಕ್ತಪರೀಕ್ಷೆಯ ಕೆಲಸ. ಹಬ್ಬದ ಊಟಕ್ಕೆ ಎಲ್ಲರಿಗಿಂತ ಮೊದಲು ಬಂದು ಕುರ್ಚಿ ಜೋಡಿಸುತ್ತಿದ್ದಳು. ಗ್ರೂಪ್ ಫೋಟೋದಲ್ಲಿ ಮಾತ್ರ ಯಾರದೋ ಭುಜದ ಹಿಂದೆ ಸೇರಿಕೊಳ್ಳುತ್ತಿದ್ದಳು. ತುಂಬಿದ ಕೊಡ ತುಳುಕುವುದಿಲ್ಲ ಎನ್ನುತ್ತಾರಲ್ಲ, ಅದು ಅವಳು. ತುಳುಕುತ್ತಿದ್ದ ಅರ್ಧ ಕೊಡ ನಾನು.

ನನ್ನ ಜಂಬಕ್ಕೆ ಕಾರಣವಿತ್ತು. ಚಿಕ್ಕಂದಿನಲ್ಲಿ ಸೋಮನಾಥಪುರದ ದೇವಸ್ಥಾನದಲ್ಲಿ ತಾತ ನನಗೆ ವಿಗ್ರಹ ಗುರುತಿಸುವುದನ್ನು ಕಲಿಸಿದ್ದರು. "ಮುಖ ನೋಡ್ಬೇಡ ಮಗು, ಕೈಯಲ್ಲಿ ಏನಿದೆ ನೋಡು." ಶಂಖ ಚಕ್ರ ಇದ್ದರೆ ವಿಷ್ಣು, ಮೋದಕ ಇದ್ದರೆ ಗಣಪತಿ. ಅಷ್ಟು ಗೊತ್ತಿದ್ದರೆ ಎಲ್ಲಿ ಹೋದರೂ ನಡೆಯುತ್ತದೆ ಎಂದುಕೊಂಡಿದ್ದೆ.

ತೊಂಬತ್ತನಾಲ್ಕರ ಚಳಿಗಾಲದಲ್ಲಿ ಸಿಟಿಯ ಗ್ಯಾಲರಿಯೊಂದಕ್ಕೆ ಯೂರೋಪಿನ ಹಳೆಯ ಚರ್ಚುಗಳ ಚಿತ್ರಗಳು ಬಂದವು. ಎಂಟು ಜನ ಹೆಂಗಸರನ್ನು ನಾನೇ ಹೊರಡಿಸಿಕೊಂಡು ಹೋದೆ. ಚಿತ್ರದ ಪಕ್ಕ ಅಂಟಿಸಿದ್ದ ವಿವರದ ಚೀಟಿ ಓದುವುದು ನನಗೆ ಅವಮಾನ. ಬೀಗದ ಕೈ ಹಿಡಿದಿದ್ದ ಮುದುಕನನ್ನು ಸ್ವರ್ಗದ ಬಾಗಿಲು ಕಾಯುವ ಪೀಟರ್ ಎಂದೆ, ಸರಿಯಾಯಿತು. ಆಮೇಲೆ ನನ್ನನ್ನು ಹಿಡಿಯುವವರೇ ಇಲ್ಲ. ಚಕ್ರದ ಪಕ್ಕ ನಿಂತಿದ್ದ ಹುಡುಗಿಯನ್ನು ತೋರಿಸಿ, "ಅದು ಇವಳ ಆಯುಧ, ನಮ್ಮ ಸುದರ್ಶನ ಇದ್ದ ಹಾಗೆ" ಎಂದೆ. ಮುಂದಿನ ಚಿತ್ರದಲ್ಲಿ ಒಬ್ಬ ಹೆಂಗಸು ತಟ್ಟೆ ಹಿಡಿದಿದ್ದಳು. ಅದರಲ್ಲಿ ಬೆಳ್ಳಗೆ, ದುಂಡಗೆ ಎರಡು. ಮೇಲೆ ಚಿಕ್ಕ ತುದಿ.

"ಮೋದಕ ಕಣ್ರೇ! ಅಡುಗೆಮನೆ ದೇವತೆ ಇರ್ಬೇಕು. ನಮ್ಮ ಸುಜಾತಾ ಥರ, ಎರಡೇ ಮಾಡಿ ಎಂಟು ಜನಕ್ಕೆ ಹಂಚೋಳು!"

ಸುಜಾತಾಳೂ ಸೇರಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಹಲ್ಯಾಳೂ ನಕ್ಕಳು.

ಅವರು ಮುಂದಿನ ಕೋಣೆಗೆ ಹೋದ ಮೇಲೆ, ಹೆಸರೇನೋ ನೋಡೋಣವೆಂದು ಚೀಟಿಯ ಕಡೆ ಬಗ್ಗಿದೆ. ಅವಳು ಸಂತ ಅಗಾಥಾ. ನಂಬಿಕೆ ಬಿಡಲಿಲ್ಲವೆಂದು ಹಿಂಸಿಸಿ ಅವಳ ಸ್ತನಗಳನ್ನು ಕತ್ತರಿಸಿದ್ದರು. ತಟ್ಟೆಯಲ್ಲಿದ್ದದ್ದು ಅವೇ. ಹಿಂದಿನ ಚಿತ್ರಕ್ಕೆ ಓಡಿದೆ. ಆ ಚಕ್ರವೂ ಹುಡುಗಿಯ ಆಯುಧವಲ್ಲ, ಅವಳನ್ನು ಕೊಲ್ಲಲು ಮಾಡಿಸಿದ್ದು. ನಮ್ಮ ದೇವರು ಕೈಯಲ್ಲಿ ತನ್ನ ಶಕ್ತಿಯನ್ನು ಹಿಡಿದಿರುತ್ತಾನೆ. ಈ ಹೆಣ್ಣುಮಕ್ಕಳು ತಮಗಾದ ನೋವನ್ನು ಹಿಡಿದು ನಿಂತಿದ್ದರು. ಹೋಗಿ ಎಲ್ಲರಿಗೂ ಹೇಳಬೇಕಿತ್ತು. ಮರ್ಯಾದೆ ಹೋಗುತ್ತದೆಂದು ಬಾಯಿ ಮುಚ್ಚಿಕೊಂಡು ಅವರ ಜೊತೆ ಕಾಫಿ ಕುಡಿಯಲು ಹೋದೆ.

ಎರಡು ತಿಂಗಳ ಮೇಲೆ, ಗಿರೀಶ ಕೆಲಸಕ್ಕೆಂದು ಸಿಡ್ನಿಗೆ ಹೋಗಿದ್ದಾಗ, ಅಹಲ್ಯಾ ಫೋನ್ ಮಾಡಿ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೀರಾ ಎಂದು ಕೇಳಿದಳು. ಅಲ್ಲಿ ಕಾಯುತ್ತ ಕೂತಾಗ, ಟ್ರೈನಿನ ಟೈಮ್ ಹೇಳುವ ಹಾಗೆ ಹೇಳಿದಳು.

"ಹೋದ ವರ್ಷ ಕ್ಯಾನ್ಸರ್ ಆಗಿ ಎಡಗಡೆ ಬ್ರೆಸ್ಟ್ ತೆಗೆದ್ರು ವಿಜಯಕ್ಕ. ಇವತ್ತು ಚೆಕಪ್. ಸಂಘದಲ್ಲಿ ಯಾರಿಗೂ ಹೇಳಿಲ್ಲ. ಹೇಳಿದ್ರೆ ಮೊದ್ಲು ಪಾಪ ಅಂತಾರೆ, ಆಮೇಲೆ ಎದೆ ನೋಡ್ತಾರೆ."

ಭೂಮಿ ಬಾಯಿ ಬಿಡಬಾರದೇ ಎನಿಸಿತು. ನಾಚಿಕೆಯಿಂದ ಅವಳ ಕಡೆ ತಿರುಗಲೂ ಆಗಲಿಲ್ಲ.

"ಅಹಲ್ಯಾ, ಆವತ್ತು ಗ್ಯಾಲರೀಲಿ... ಅದು ಮೋದಕ ಅಲ್ಲ ಕಣೇ."

"ಗೊತ್ತು. ನೀವು ಹೇಳೋಕ್ ಮುಂಚೇನೇ ಚೀಟಿ ಓದಿದ್ದೆ."

"ಮತ್ತೆ ಯಾಕೆ ನಕ್ಕೆ?"

"ನಾನೊಬ್ಬಳೇ ನಗದೇ ಇದ್ದಿದ್ರೆ ಎಲ್ಲಾರೂ ನನ್ನ ಕಡೆ ನೋಡ್ತಿದ್ರು." ಕಾರ್ಡಿಗನ್ನಿನ ಗುಂಡಿ ಹಾಕಿಕೊಂಡಳು. "ನಿಮ್ಮ ಮೇಲೆ ಕೋಪ ಇಲ್ಲ ಅಕ್ಕ. ಆ ಚಿತ್ರದಲ್ಲಿದ್ದವಳು ಅಷ್ಟು ಜನರ ಎದುರು ತಟ್ಟೇಲಿ ಹಿಡ್ಕೊಂಡು ನಿಂತಿದ್ಳು. ಅವಳೆದುರು ನಿಂತು ನಾನೂ ನಕ್ಕೆನಲ್ಲ, ಅದಕ್ಕೇ ನಾಚಿಕೆ."

ನಾಚಿಕೆಪಡಬೇಕಾದವಳು ನಾನು ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ನರ್ಸ್ ಹೆಸರು ಕರೆದಳು, ಅಹಲ್ಯಾ ಎದ್ದು ಒಳಗೆ ಹೋದಳು.