ಬಚ್ಚಲಿನ ಮೊಳೆಯೂ ಕಡಲಿನ ತಳವೂ

ಗೋಕಾಕದ ನಮ್ಮ ಮನೆಯಲ್ಲಿ ಬಚ್ಚಲ ಬಾಗಿಲ ಪಕ್ಕಕ್ಕೆ ಒಂದು ಮೊಳೆ ಇದೆ. ದಿನವೂ ಮುಂಜಾನೆ ಅದಕ್ಕೆ ಮೊದಲು ಟವೆಲ್, ಅದರ ಮೇಲೆ ಬನಿಯನ್, ಎಲ್ಲಕ್ಕೂ ಮೇಲೆ ಲಿಂಗವಿಟ್ಟ ಬೆಳ್ಳಿ ಕರಡಿಗೆಯ ಸಮೇತ ನಮ್ಮ ಮನೆಯವರ ಶಿವದಾರ, ಇದೇ ಕ್ರಮದಲ್ಲಿ ತೂಗುತ್ತಿದ್ದವು. ಕೊರಳಿಗೆ ಕಟ್ಟಿದ ಇಷ್ಟಲಿಂಗ ಪ್ರಾಣವಿರುವತನಕ ಮೈಯಿಂದ ಅಗಲಬಾರದೆಂಬುದು ನಮ್ಮಲ್ಲಿ ತೊಟ್ಟಿಲ ಕೂಸಿಗೂ ಗೊತ್ತಿರುವ ನೇಮ. ಆದರೆ ಸಾಬೂನು ಹಚ್ಚುವಾಗ ಅಡ್ಡ ಬರುತ್ತದೆಂಬ ಘನವಾದ ಕಾರಣಕ್ಕೆ ನಮ್ಮವರ ಲಿಂಗ ಒಂದಿಷ್ಟು ಹೊತ್ತು ಮೊಳೆಯನ್ನೇ ಭಕ್ತನೆಂದು ಭಾವಿಸಿ ಜೋತುಬಿದ್ದಿರುತ್ತಿತ್ತು. ಮರೆತು ಅಂಗಡಿಗೆ ಹೋದ ದಿನ ಸಂಜೆಯ ತನಕವೂ. ಮೊಳೆಯ ನಿಷ್ಠೆಯಲ್ಲಿ ನಾನಂತೂ ಈವರೆಗೆ ಕೊರತೆ ಕಂಡಿಲ್ಲ.

ಈ ಮೊಳೆಯನ್ನು ನಾನು ಭಕ್ತಿಯಿಂದ ನೆನೆದದ್ದು ಅಂಡಮಾನಿನ ಒಂದು ಅಂಗೈಯಗಲದ ದ್ವೀಪದ ಬಳಿ, ದೋಣಿಯಲ್ಲಿ ಕುಳಿತಾಗ. ಐವತ್ತು ದಾಟಿದ ಹುರುಪಿನಲ್ಲಿ ನಮ್ಮವರಿಗೆ ಕಡಲ ತಳ ಮುಟ್ಟುವ ಆಸೆ ಹುಟ್ಟಿತ್ತು. ಹುಟ್ಟಿದ್ದು ತಪ್ಪಲ್ಲ, ಊರಿಗೆಲ್ಲ ಹಂಚಿದ್ದು ಹೆಚ್ಚಾಯಿತು. ನಮ್ಮ ಬಟ್ಟೆಯಂಗಡಿಗೆ ಸೀರೆಗೆಂದು ಬಂದವರೂ ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಮುಳುಗುವ ವಿಧಾನ ಕೇಳಿಯೇ ಹೋಗಬೇಕಿತ್ತು. "ಧುಪದಾಳದ ಒಡ್ಡಿನಾಗ ಈಸ ಕಲತಾವ ನಾ, ಸಮುದ್ರ ನನಗೇನ್ ಮಾಡತೈತಿ?" ಎಂದು ಗಜಕಡ್ಡಿಯಿಂದ ಕೌಂಟರು ಕುಟ್ಟಿ ಸಾರಿದ್ದ ಮನುಷ್ಯ, ಮುಳುಗದೆ ಮರಳಿದರೆ ಬಜಾರಿನಲ್ಲಿ ತಲೆಯೆತ್ತಿ ತಿರುಗುವಂತಿರಲಿಲ್ಲ.

ಮುಳುಗಲು ಕಲಿಸುವ ತರುಣ, ಉಸಿರಿನ ನಳಿಕೆಗೆ ತೊಡಕಾದೀತೆಂದು, ಕೊರಳಲ್ಲಿದ್ದುದನ್ನೆಲ್ಲ ತೆಗೆಯಿರಿ ಎಂದ. ನಮ್ಮವರು ದೋಣಿಯಂಚಿನಿಂದ ಇಣುಕಿದರು. ತಿಳಿನೀರಿನಲ್ಲಿ ತಳ ಕಾಣುತ್ತಿತ್ತು; ಅದೇ ಮುಳುವಾಯಿತು. ಧುಪದಾಳದ ಕೆಂಪು ನೀರಿನಲ್ಲಿ ಆಳವೆಂಬುದು ಕಣ್ಣಿಗೆ ಬೀಳುವುದಿಲ್ಲವಾದ್ದರಿಂದ ಅಲ್ಲಿ ಶೌರ್ಯ ಸುಲಭ. ಅವರ ಕೈ ಕರಡಿಗೆಯ ಮೇಲೆ ಹೋಯಿತು, ಮುಖದಲ್ಲಿ ಹನ್ನೆರಡನೆಯ ಶತಮಾನದ ಕಳೆ ಮೂಡಿತು.

"ಜೀವಾ ಬಿಟ್ಟೇನು, ಲಿಂಗಾ ಬಿಡಾಂಗಿಲ್ಲ."

ನಾನು ಪತಿಪರಾಯಣೆ. ಅವರ ಧರ್ಮಸಂಕಟ ನೀಗಲೆಂದು ನನ್ನ ಹರಕು ಹಿಂದಿಯಲ್ಲಿ, ತೋಳಿಗೆ ಕಟ್ಟಿಕೊಂಡರೆ ನಡೆದೀತೇ ಎಂದು ಕೇಳಿದೆ. ಧಾರಾಳವಾಗಿ ಎಂದ ತರುಣ. ಪರಿಹಾರ ಸಿಕ್ಕಾಗ ಇಷ್ಟು ಬಾಡಿದ ಮುಖವನ್ನು ನಾನು ಬೇರೆ ಕಂಡಿಲ್ಲ. ಮೊಳೆ ಹೊರಬಲ್ಲ ಲಿಂಗವನ್ನು ತೋಳು ಹೊರಬಾರದೆಂಬ ಹೊಸ ಶಾಸ್ತ್ರವೊಂದು ಅಲ್ಲೇ, ಉಪ್ಪುಗಾಳಿಯಲ್ಲಿ, ಜನ್ಮ ತಾಳಿತು. ನನಗೆ ಬೇಕಾದರೆ ಹೋಗಬಹುದೆಂಬ ಅಪ್ಪಣೆಯೂ ಸಿಕ್ಕಿತು.

ಹೋದೆ. ಈಜು ಬಾರದವರನ್ನೂ ಹಿಡಿದು ಇಳಿಸುತ್ತಾರೆ. ನನ್ನ ಕೊರಳಿನ ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ತೋಳಿಗೆ ಬಿಗಿದುಕೊಂಡು, ಇಬ್ಬರು ಹೆಂಗಸರು ಎಳೆದು ತುರುಕಿದ ರಬ್ಬರಿನ ಅಂಗಿಯಲ್ಲಿ, ಸಣ್ಣ ಗವಸಿಗೆ ತುಂಬಿದ ದೊಡ್ಡ ದಿಂಬಿನಂತೆ ನೀರಿಗೆ ಬಿದ್ದೆ. ಕೆಳಗೆ ನನ್ನ ಉಸಿರು ನನಗೇ ಕೇಳಿಸುವಷ್ಟು ಮೌನ. ಯಾರೂ ಚಹಾ ಕೇಳುತ್ತಿರಲಿಲ್ಲ. ಹಳದಿ ಪಟ್ಟೆಯ ಮೀನುಗಳು ಬಡಾಯಿಯಿಲ್ಲದೆ ಸಂಸಾರ ಮಾಡಿಕೊಂಡಿದ್ದವು. ತಳದ ಮರಳನ್ನು ಮುಟ್ಟಿ ಮೇಲೆ ಬಂದಾಗ ನಮ್ಮವರು ದೋಣಿಯಲ್ಲಿ ಲಿಂಬೆಹಣ್ಣು ಮೂಸುತ್ತ ಬಕೀಟು ಅಪ್ಪಿಕೊಂಡಿದ್ದರು.

ಮೂಡಲಗಿಯಲ್ಲಿ ನಾದಿನಿಯ ಮನೆಯ ಹೋಳಿಗೆಯೂಟದ ಹೊತ್ತಿಗೆ ಕತೆ ಪರಿಷ್ಕೃತವಾಗಿತ್ತು: ಸಮುದ್ರ ಕೈಮಾಡಿ ಕರೆದಿತ್ತು, ಭಕ್ತ ತಿರಸ್ಕರಿಸಿದ್ದ. ಪಂಕ್ತಿಯೆಲ್ಲ ತಲೆದೂಗಿತು; ನಾನು ಮುಳುಗಿದ್ದನ್ನು ಮಾತ್ರ ಯಾರೂ ಕೇಳಲಿಲ್ಲ. ಲಿಂಗಪೂಜೆಯಾಗದೆ ನೀರನ್ನೂ ಮುಟ್ಟದ ನಮ್ಮವರ ಸೋದರಮಾವ, ಹುಕ್ಕೇರಿಯವರು, ಕಣ್ಣೊರಸಿಕೊಂಡು ನನ್ನತ್ತ ತಿರುಗಿದರು. ನಾನು ಮುಳುಗಿದ್ದನ್ನು ಮಾತ್ರ ಯಾರೂ ಕೇಳಲಿಲ್ಲ.

"ಖರೇ ಏನವಾ ಇದು?"

ಹೋಳಿಗೆ ಹಿಡಿದ ನಮ್ಮವರ ಕೈ ಬಾಯಿಯ ಹತ್ತಿರವೇ ನಿಂತಿತು. ಒಂದು ಮಾತಿಗೆ ಅವರ ಮಾನ ತುಪ್ಪದಂತೆ ಎಲೆಯ ಮೇಲೆ ಹರಿದುಹೋಗುತ್ತಿತ್ತು.

"ಖರೇ ರೀ ಮಾವಾರ," ಎಂದೆ. "ಮನ್ಯಾಗ ಜಳಕಾ ಮಾಡುವಾಗೂ ತೆಗ್ಯಾಂಗಿಲ್ರಿ."

"ಹಂಗಾರ ಒಮ್ಮಿ ಮುಂಜಾನೆ ನಿಮ್ಮ ಮನಿಗೇ ಬರ್ತೇನಿ. ಇಂಥಾವನ ಬಾಜೂ ಕುಂತು ಪೂಜಿ ಮಾಡೂದಂದ್ರ ಪುಣ್ಯೆ."

ಯಾವ ಮುಂಜಾನೆ ಎಂದು ಹೇಳಲಿಲ್ಲ. ಹುಕ್ಕೇರಿಯ ಬಸ್ಸೋ, ಬೆಳಕು ಹರಿಯುವ ಮುಂಚೆಯೇ ಬರುತ್ತದೆ.

ಆದ್ದರಿಂದ ಈಗ ನಮ್ಮವರು ಕರಡಿಗೆಯನ್ನು ಬೆನ್ನಿಗೆ ಸರಿಸಿ ಎದೆಗೂ, ಎದೆಗೆ ಸರಿಸಿ ಬೆನ್ನಿಗೂ ಸಾಬೂನು ಹಚ್ಚಿಕೊಳ್ಳುತ್ತ ಬಚ್ಚಲಲ್ಲಿ ಗೊಣಗುವುದು ಅಡುಗೆಮನೆಗೆ ಕೇಳಿಸುತ್ತದೆ. ಮೊಳೆಯ ಮೇಲೆ ಟವೆಲ್ ಇದೆ, ಬನಿಯನ್ ಇದೆ. ಎಲ್ಲಕ್ಕೂ ಮೇಲಿನ ಜಾಗ ಖಾಲಿ ಉಳಿಯಿತಲ್ಲ ಎಂದು, ದ್ವೀಪದಿಂದ ಕೊಂಡುತಂದ ನನ್ನ ಈಜುಗನ್ನಡಕವನ್ನು ತೂಗುಹಾಕಿದ್ದೇನೆ.